ಕರಡಿಮರಿಯ ನಾಮಕರಣ

ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ಕರಡಿಗೆ ಮರಿ ಹುಟ್ಟಿದಾಗ, ಆ ಕರಡಿಗಳ ಅಧ್ಯಯನಕ್ಕೆ ಹಣದಿಂದಲೋ ಶ್ರಮದಿಂದಲೋ ನೆರವಾದವರೊಬ್ಬರ ಹೆಸರನ್ನು ಅದಕ್ಕೆ ಇಡುವುದು ವನ್ಯಜೀವಿ ಸಂಶೋಧನೆಯ ವಲಯದಲ್ಲಿ ಕೃತಜ್ಞತೆ ಸಲ್ಲಿಸುವ ಒಂದು ಬಗೆ. ಸಂಶೋಧನೆಗೆ ಬೇಕಾದ ಹಣ ಸುಲಭವಾಗಿ ಹುಟ್ಟುವುದಿಲ್ಲ. ಕೊಟ್ಟವರನ್ನು ನೆನೆಯುವುದು ಸೌಜನ್ಯ. ಹೆಸರಿಡುವುದಕ್ಕೆ ಖರ್ಚೂ ಇಲ್ಲ. ಕನ್ನಡನಾಡಿನಲ್ಲಿ ಛತ್ರಕ್ಕೆ, ಕೆರೆಗೆ, ಶಾಲೆಯ ಕೊಠಡಿಗೆ ದಾನಿಯ ಹೆಸರಿಡುವ ರೂಢಿ ಇರುವುದರಿಂದ ಇದರಲ್ಲಿ ವಿಚಿತ್ರವಾದುದೇನೂ ಮೊದಲ ನೋಟಕ್ಕೆ ಕಾಣುವುದಿಲ್ಲ. ಆದರೆ ಛತ್ರ ನಿಂತಿರುವುದು ದಾನಿಯ ಹಣದಿಂದ, ಕರಡಿಮರಿ ಹುಟ್ಟಿರುವುದು ಯಾರ ದಾನದಿಂದಲೂ ಅಲ್ಲ ಎಂಬ ಒಂದು ಅಂತರವನ್ನು ಗಮನಿಸಿದ ಕೂಡಲೇ, ಈ ಪುಟ್ಟ ಸೌಜನ್ಯದ ಹಿಂದೆ ವಿಜ್ಞಾನ, ಒಡೆತನ ಮತ್ತು ಋಣ ಈ ಮೂರಕ್ಕೂ ಸೇರಿದ ಪ್ರಶ್ನೆಗಳಿರುವುದು ಅರಿವಿಗೆ ಬರುತ್ತದೆ.

ಕಾಡುಕರಡಿಗಳಿಗೆ ಹೆಸರಿಟ್ಟು ಜನರ ಮನೆಮಾತಾಗಿಸಿದ ಸಂಶೋಧನೆಗಳಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಎಲೀ ಎಂಬ ಸಣ್ಣ ಪಟ್ಟಣದಲ್ಲಿ ಲಿನ್ ರಾಜರ್ಸ್ ಎಂಬ ಜೀವವಿಜ್ಞಾನಿ ನಡೆಸಿದ ಕೆಲಸ ಹೆಚ್ಚು ಪರಿಚಿತವಾದುದು. ಕಪ್ಪು ಕರಡಿಗಳಿಗೆ ಕೈಯಿಂದ ಆಹಾರ ಕೊಟ್ಟು, ಅವುಗಳ ವಿಶ್ವಾಸ ಗಳಿಸಿ, ಅರಿವಳಿಕೆಯ ಹಂಗಿಲ್ಲದೆ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಜೊತೆಯಲ್ಲೇ ನಡೆದು ಅಧ್ಯಯನ ಮಾಡುವುದು ಅವರ ವಿಧಾನವಾಗಿತ್ತು. 2010ರ ಜನವರಿಯಲ್ಲಿ ಲಿಲಿ ಎಂಬ ಹೆಣ್ಣು ಕರಡಿಯ ಗುಹೆಯೊಳಗೆ ಇರಿಸಿದ ಕ್ಯಾಮೆರಾದ ಮೂಲಕ ಮರಿಯ ಹುಟ್ಟನ್ನು ಪ್ರಪಂಚದ ನಾನಾ ಕಡೆಯ ಜನ ಅಂತರ್ಜಾಲದಲ್ಲಿ ನೇರವಾಗಿ ನೋಡಿದರು. ಆ ಮರಿಗೆ ಭರವಸೆ ಎಂಬ ಅರ್ಥದ ‘ಹೋಪ್’ ಎಂಬ ಹೆಸರು ಬಂತು. ಅದೇ ವರ್ಷ ತಾಯಿ ಮರಿಯನ್ನು ಬಿಟ್ಟು ಹೋದಾಗ, ಕಾಡಿನ ಪಾಡಿಗೆ ಕಾಡನ್ನು ಬಿಡದೆ, ಅವೆರಡನ್ನೂ ಮತ್ತೆ ಒಂದುಗೂಡಿಸಲು ಸಂಶೋಧಕರೇ ಮುಂದಾದರು. 2011ರ ಬೇಟೆಯ ಋತುವಿನಲ್ಲಿ ಹೋಪ್ ಬೇಟೆಗಾರನಿಗೆ ಬಲಿಯಾಯಿತು. ಮುಂದೆ 2013ರಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯು, ಕೈತುತ್ತಿಗೆ ಒಗ್ಗಿದ ಕರಡಿಗಳು ಜನರ ಸುರಕ್ಷತೆಗೆ ತೊಡಕಾಗುತ್ತವೆ, ಪ್ರಕಟವಾದ ವೈಜ್ಞಾನಿಕ ಫಲಿತಾಂಶವೂ ಸಾಲದು ಎಂಬ ಕಾರಣಗಳನ್ನು ಮುಂದಿಟ್ಟು ರೇಡಿಯೊ ಪಟ್ಟಿಯ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು; ವಿವಾದ ನ್ಯಾಯಾಲಯದವರೆಗೂ ಹೋಗಿ ಇಲಾಖೆಯ ನಿಲುವೇ ಉಳಿಯಿತು. ಹೆಸರು ಪಡೆದ ಮರಿಯ ಮೇಲೆ ಸಾವಿರಾರು ಜನರಿಗೆ ಮಮತೆ ಹುಟ್ಟುತ್ತದೆ. ಆ ಮಮತೆಯಿಂದ ಸಂಶೋಧನೆಗೆ ಬಲ ಬರುತ್ತದೆ. ಆದರೆ ಸಾಯಲು ಬಿಡಬೇಕಾದ ಮರಿಯನ್ನು ಸಾಯಲು ಬಿಡಲಾಗದ ಇಕ್ಕಟ್ಟೂ ಅದೇ ಮಮತೆಯಿಂದಲೇ ಬರುತ್ತದೆ. ಕಾಡುಪ್ರಾಣಿಯ ಸಹಜ ಬದುಕನ್ನು ಅರಿಯಹೊರಟ ಅಧ್ಯಯನಕ್ಕೆ ಇದು ಸಣ್ಣ ತೊಡಕಲ್ಲ.

ಈ ಕಾರಣದಿಂದಲೇ ಅನೇಕ ವಿಜ್ಞಾನಿಗಳು ಹೆಸರಿಗಿಂತ ಸಂಖ್ಯೆಯನ್ನು ಮೆಚ್ಚುತ್ತಾರೆ. ಜೇನ್ ಗುಡಾಲ್ 1960ರಲ್ಲಿ ಟಾಂಜಾನಿಯಾದ ಗೊಂಬೆಯಲ್ಲಿ ಚಿಂಪಾಂಜಿಗಳಿಗೆ ಫ್ಲೋ, ಡೇವಿಡ್ ಗ್ರೇಬಿಯರ್ಡ್ ಮುಂತಾದ ಹೆಸರುಗಳನ್ನಿಟ್ಟಾಗ, ಸಂಖ್ಯೆ ಕೊಡಬೇಕಾದಲ್ಲಿ ಹೆಸರು ಕೊಟ್ಟರೆಂದು ವಿದ್ವತ್ ವಲಯ ಆಕ್ಷೇಪಿಸಿತ್ತು. ಒಂದೊಂದು ಪ್ರಾಣಿಗೂ ತನ್ನದೇ ಸ್ವಭಾವವಿದೆ ಎಂಬ ಅವರ ಮಾತು ಒಪ್ಪಿತವಾಗಲು ದಶಕಗಳೇ ಹಿಡಿದವು. ಸಂಖ್ಯೆಯಿಂದ ಮಮತೆ ತಡೆಯಬಹುದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಮೆರಿಕದ ಗ್ರ್ಯಾಂಡ್ ಟೀಟನ್ ಉದ್ಯಾನದ ಸುತ್ತ ಬದುಕಿದ್ದ ಹೆಣ್ಣು ಗ್ರಿಜ್ಲಿ ಕರಡಿಗೆ ಸಂಶೋಧಕರು ಕೊಟ್ಟ ಗುರುತು 399 ಎಂಬ ಬರಿಯ ಅಂಕಿ. 2020ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ನಾಲ್ಕು ಮರಿಗಳನ್ನು ಕರೆದುಕೊಂಡು ಗುಹೆಯಿಂದ ಹೊರಬಂದ ಆ ಕರಡಿಯನ್ನು ನೋಡಲು ಜನ ದೂರದೂರದಿಂದ ಬಂದರು. 2024ರ ಅಕ್ಟೋಬರ್ 22ರಂದು ಅದು ವಾಹನಕ್ಕೆ ಸಿಕ್ಕಿ ಸತ್ತಾಗ ಆ ಮೂರು ಅಂಕಿಗಳೇ ಶೋಕದ ಹೆಸರಾದವು. ಹೆಸರೋ ಅಂಕಿಯೋ ಎಂಬುದಕ್ಕಿಂತ, ಆ ಗುರುತಿನ ಹಿಂದೆ ಒಂದೇ ಪ್ರಾಣಿಯನ್ನು ವರ್ಷಗಟ್ಟಲೆ ತಪ್ಪದೆ ಗುರುತಿಸಿದ ನೋಟವಿತ್ತೇ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಕರ್ನಾಟಕದ ಕರಡಿಯ ವಿಷಯದಲ್ಲಿ ಈ ಗುರುತಿಸುವಿಕೆಯೇ ಕಠಿಣ. ಹುಲಿಯ ಮೈಮೇಲಿನ ಪಟ್ಟೆ ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲವಾದ್ದರಿಂದ, ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಬಲೆಯ, ಅಂದರೆ ಪ್ರಾಣಿ ಎದುರು ಸುಳಿದಾಗ ತಾನಾಗಿ ಚಿತ್ರ ತೆಗೆಯುವ ಸಾಧನದ, ಮೂಲಕ ಒಂದೊಂದು ಹುಲಿಯನ್ನೂ ಪ್ರತ್ಯೇಕವಾಗಿ ಎಣಿಸುವ ವಿಧಾನವನ್ನು ಬೆಳೆಸಿದರು. ಕರಡಿಗೆ ಅಂಥ ಸೌಲಭ್ಯವಿಲ್ಲ: ಮೈತುಂಬ ಕೆದರಿದ ಕಪ್ಪು ಕೂದಲು, ಮಾಸಲು ಮೂತಿ, ಕತ್ತಲಲ್ಲಿ ಓಡಾಟ. ಅದರ ಎದೆಯ ಮೇಲೆ ಕುದುರೆಲಾಳದಂತೆಯೋ ಕವಲುಗೋಲಿನಂತೆಯೋ ಬಿಳಿ ಗುರುತೊಂದಿರುತ್ತದೆ. ಅದರ ಅಗಲ, ಬಾಗು, ತುದಿಯ ಹರಹು ಕರಡಿಯಿಂದ ಕರಡಿಗೆ ಬೇರೆಯಾಗುವುದರಿಂದ ಅದನ್ನೇ ರುಜುವಿನಂತೆ ಬಳಸಬಹುದು, ಆದರೆ ತಲೆ ತಗ್ಗಿಸಿ ನೆಲ ಮೂಸುತ್ತ ನಡೆಯುವ ಪ್ರಾಣಿಯ ಎದೆ ಕ್ಯಾಮೆರಾಕ್ಕೆ ಸಿಗುವುದೇ ಅಪರೂಪ. ಉಳಿದ ದಾರಿಯೆಂದರೆ ಮರದ ತೊಗಟೆಗೆ ಸಿಕ್ಕಿದ ಕೂದಲು, ದಾರಿಯಲ್ಲಿ ಬಿದ್ದ ಹಿಕ್ಕೆ ಇವುಗಳಿಂದ ಡಿಎನ್‌ಎ ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಗುರುತು ಹಚ್ಚುವುದು. ಅದು ಹಣದ ಕೆಲಸ. ಮರಿಯ ಸಂಗತಿ ಇನ್ನೂ ಸೂಕ್ಷ್ಮ. ಬೆಳೆಯುವ ಕೊರಳಿಗೆ ಪಟ್ಟಿ ಕಟ್ಟಿದರೆ ಅದು ಉರುಳಾಗುತ್ತದೆ. ದೂರದಿಂದ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ತಾಯಿಯ ಬೆನ್ನಿನ ಕೂದಲನ್ನು ಬಿಗಿಯಾಗಿ ಹಿಡಿದು ಕುಳಿತಿರುವಷ್ಟು ಕಾಲ ಅದನ್ನು ತಾಯಿಯಿಂದಲೇ ಗುರುತಿಸಬೇಕು.

ಈ ಪ್ರಾಣಿಯ ಮಟ್ಟಿಗೆ ಹೆಸರಿಡುವಿಕೆಯ ಚರಿತ್ರೆ ಶುರುವಾದುದೇ ತಪ್ಪಿನಿಂದ. 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ ಭಾರತದ ಕರಡಿಯನ್ನು ಮೊದಲ ಸಲ ಶಾಸ್ತ್ರೀಯವಾಗಿ ವರ್ಣಿಸುವಾಗ, ಅದರ ನೀಳ ಉಗುರುಗಳನ್ನೂ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲದಿರುವುದನ್ನೂ ಕಂಡು, ದಕ್ಷಿಣ ಅಮೆರಿಕದ ಮರಗಳಲ್ಲಿ ತೂಗಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಕುಲಕ್ಕೆ ಅದನ್ನು ಸೇರಿಸಿಬಿಟ್ಟ. ಎರಡು ವರ್ಷಗಳಲ್ಲಿ ತಿದ್ದುಪಡಿಯಾಗಿ, ಜೇನುಕರಡಿ ಎಂಬ ಅರ್ಥ ಕೊಡುವ ಮೆಲುರ್ಸಸ್ ಎಂಬ ಕುಲನಾಮ ಬಂದರೂ, ಇಂಗ್ಲಿಷಿನಲ್ಲಿ ‘ಸ್ಲಾತ್’ ಎಂಬ ಪದ ಇಂದಿಗೂ ಅದರ ಹೆಸರಿಗೆ ಅಂಟಿಕೊಂಡೇ ಇದೆ. ಹುತ್ತವನ್ನು ಬಗೆದು, ಮಣ್ಣನ್ನು ಊದಿ ಸರಿಸಿ, ಆ ಹಲ್ಲಿಲ್ಲದ ಕಂಡಿಯ ಮೂಲಕ ಗೆದ್ದಲನ್ನು ದೂರಕ್ಕೂ ಕೇಳುವಂಥ ಸದ್ದಿನೊಡನೆ ಹೀರಿಕೊಳ್ಳುವ, ಬೆದರಿದರೆ ಮನುಷ್ಯನನ್ನು ಸುಲಭವಾಗಿ ಮೀರಿಸಿ ಓಡುವ ಪ್ರಾಣಿಗೆ ಸೋಮಾರಿತನದ ಹೆಸರು! ಕನ್ನಡದಲ್ಲೂ ಇದಕ್ಕೆ ಹೋಲುವ ಒಂದು ಅನ್ಯಾಯವಾಗಿದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂಬ ಗಾದೆಯ ಮೂಲರೂಪದಲ್ಲಿರುವುದು ಇಷ್ಟಲಿಂಗವನ್ನು ಇಡುವ ‘ಕರಡಿಗೆ’ಯೆಂದೂ, ಪೂಜೆಯ ಹೊತ್ತಿಗೆ ಕರಡಿಗೆಯನ್ನೇ ಬಿಟ್ಟುಬಂದವನ ಪಾಡನ್ನು ಅದು ಹೇಳುತ್ತದೆಂದೂ ಬಲ್ಲವರು ವಿವರಿಸುತ್ತಾರೆ, ಒಂದಕ್ಷರ ಜಾರಿದ್ದಕ್ಕೆ ಯಾವ ಪೂಜೆಯನ್ನೂ ಕೆಡಿಸದ ಪ್ರಾಣಿ ತಲೆತಲಾಂತರದಿಂದ ಅಪವಾದ ಹೊತ್ತಿದೆ. ಕೊಪ್ಪಳ ಸೀಮೆಯಲ್ಲಂತೂ ಹೆಸರಿನ ದಾರಿ ತಿರುಗುಮುರುಗಾಗಿದ್ದು, 2014 ಮತ್ತು 2019ರಲ್ಲಿ ಲೋಕಸಭೆಗೆ ಆಯ್ಕೆಯಾದ ಸಂಗಣ್ಣ ಕರಡಿಯವರ ಮನೆತನದ ಹೆಸರಿನಲ್ಲಿ ಕಾಣುವಂತೆ, ಕರಡಿ ಎಂಬುದು ಮನುಷ್ಯರ ಅಡ್ಡಹೆಸರೇ ಆಗಿದೆ. ಅದರ ಮೂಲ ಪ್ರಾಣಿಯೋ, ಊರೋ, ಕರಡಿ ಮಜಲು ಎಂಬ ಜನಪದ ಮೇಳದ ವಾದ್ಯವೋ ಎಂಬುದು ಬೇರೆ ಮಾತು.

ಕನ್ನಡನಾಡಿನ ಕರಡಿಯನ್ನು ಹತ್ತಿರದಿಂದ ಅರಿಯಲು ಹಂಪಿಗೆ ಸಮೀಪದ ದರೋಜಿಗಿಂತ ಒಳ್ಳೆಯ ಜಾಗ ಸಿಗಲಾರದು. 1994ರಲ್ಲಿ ಕರಡಿಧಾಮವೆಂದು ಘೋಷಿತವಾದ ಈ ಪ್ರದೇಶದಲ್ಲಿ ದಟ್ಟ ಕಾಡಿಲ್ಲ. ಇರುವುದು ಒಂದರ ಮೇಲೊಂದು ಪೇರಿಸಿಟ್ಟಂಥ ಹೆಬ್ಬಂಡೆಗಳು, ಅವುಗಳ ಸಂದಿಯ ತಂಪು ಗವಿಗಳು, ಕುರುಚಲು ಮುಳ್ಳುಗಿಡಗಳು. ಮಧ್ಯಾಹ್ನದ ಹೊತ್ತಿಗೆ ಅರಣ್ಯ ಸಿಬ್ಬಂದಿ ವೀಕ್ಷಣಾ ಗೋಪುರದ ಎದುರಿನ ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದು ಬರುತ್ತಾರೆ. ಬಿಸಿಲು ವಾಲತೊಡಗಿದಂತೆ ಬಂಡೆಯ ನೆರಳೇ ಎದ್ದು ನಡೆದಂತೆ ಕಪ್ಪು ಆಕೃತಿಯೊಂದು ಮೇಲಿನಿಂದ ಇಳಿಯುತ್ತದೆ. ಇಳಿಯುವಾಗ ಹಿಂದುಮುಂದಾಗಿ, ಹಿಂಗಾಲಿನಿಂದ ನೆಲ ತಡಕುತ್ತ ಜಾರುವುದೂ ಉಂಟು. ಬೆನ್ನ ಮೇಲಿನ ಕೂದಲ ರಾಶಿಯಲ್ಲಿ ಒಂದೋ ಎರಡೋ ಉಬ್ಬು ಅಲುಗಿದಾಗಲೇ ಅವು ಮರಿಗಳೆಂದು ತಿಳಿಯುವುದು. ತಾಯಿ ಬಂಡೆಯ ಬಿರುಕುಗಳನ್ನು ನೆಕ್ಕುವಾಗ ಮರಿ ಅದರ ಹೆಗಲ ಮೇಲಿಂದ ಬಾಗಿ ಮೂಗು ಚಾಚುತ್ತದೆ. ನವಿಲು, ಮುಂಗುಸಿಗಳೂ ಪಾಲಿಗೆ ಬರುತ್ತವೆ. ಸಂದರ್ಶಕರಿಗೆ ದರ್ಶನವಾಗಲೆಂದು ಮಾಡಿದ ಈ ವ್ಯವಸ್ಥೆಯಿಂದ ಕರಡಿಯ ಬಗ್ಗೆ ಅಕ್ಕರೆ ಬೆಳೆದಿದೆ. ಆದರೆ ಎಲೀಯಲ್ಲಿ ಎದ್ದ ಪ್ರಶ್ನೆಯ ನೆರಳು ಈ ಬೆಲ್ಲದ ಬಂಡೆಯ ಮೇಲೂ ಬೀಳುತ್ತದೆಂದು ಹೇಳದಿದ್ದರೆ ತಪ್ಪಾದೀತು. ಇಲ್ಲಿ ಮನುಷ್ಯನ ಕೈ ಕರಡಿಯ ಬಾಯಿಗೆ ತಾಕುವುದಿಲ್ಲ, ಪಾಕ ಬಳಿದವರು ಹೊರಟುಹೋದ ಮೇಲೆಯೇ ಅದು ಬರುತ್ತದೆ ಎಂಬ ವ್ಯತ್ಯಾಸ ದೊಡ್ಡದು.

ದಾನಿಯ ಹೆಸರನ್ನು ಉಳಿಸುವುದರಲ್ಲಿ ಕನ್ನಡಿಗರಿಗೆ ಸಾವಿರ ವರ್ಷಕ್ಕೂ ಮಿಕ್ಕ ಅನುಭವವಿದೆ. ದಾನಶಾಸನ, ಅಂದರೆ ದಾನ ಕೊಟ್ಟವರು, ಪಡೆದವರು, ಕೊಟ್ಟ ನೆಲದ ಎಲ್ಲೆ ಇವನ್ನು ಕಲ್ಲಿನಲ್ಲಿ ಕೊರೆದ ದಾಖಲೆ, ನಾಡಿನ ತುಂಬ ಸಿಗುತ್ತದೆ. ಈ ಪರಂಪರೆಯಲ್ಲಿ ಪ್ರಾಣಿಯೊಂದು ತನ್ನ ಸ್ವಂತ ಹೆಸರಿನಿಂದ ಉಳಿದ ಅಪರೂಪದ ಉದಾಹರಣೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಗಂಗರ ಇಮ್ಮಡಿ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಬಳಿಕ, ಬೂತುಗನ ಕಡೆಯ ವೀರ ಮಣಲೆರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಕಾದಾಡಿದಾಗ ಎರಡೂ ಸತ್ತವು. ಅದರ ನೆನಪಿಗೆ ನೆಟ್ಟ, ಸುಮಾರು ಕ್ರಿ.ಶ. 950ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಕಾದುವ ಚಿತ್ರವಿದೆ, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟ ವಿವರವಿದೆ. ನಾಯಿಯನ್ನು ಕೊಟ್ಟವನು ಅರಸನಾಗಿದ್ದರೂ ನಾಯಿಗೆ ಅರಸನ ಹೆಸರು ಬರಲಿಲ್ಲ. ಕೊಟ್ಟವನ ಹೆಸರು ಕೊಟ್ಟವನಿಗೆ, ಕಾದಿ ಸತ್ತ ನಾಯಿಯ ಹೆಸರು ನಾಯಿಗೆ ಎಂಬ ಸ್ಪಷ್ಟತೆ ಆ ಕಲ್ಲಿನಲ್ಲಿದೆ.

ಇಂದಿನ ಮೃಗಾಲಯಗಳ ದತ್ತು ಯೋಜನೆಯಲ್ಲೂ ಇದೇ ವಿವೇಕ ಇದೆ. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ಪ್ರಾಣಿಯನ್ನು ದತ್ತು ಪಡೆಯುವುದೆಂದರೆ ಅದರ ಆಹಾರದ ಖರ್ಚನ್ನು ನಿಗದಿತ ಅವಧಿಗೆ ಭರಿಸುವುದು. ಪ್ರತಿಯಾಗಿ ದಾನಿಯ ಹೆಸರು ಫಲಕದ ಮೇಲೆ ಬರುತ್ತದೆ, ಪ್ರಾಣಿಯ ಮೇಲಲ್ಲ. ಮನುಷ್ಯರ ಹೆಸರು ನೇರವಾಗಿ ಪ್ರಾಣಿಗೇ ಹತ್ತಿದಾಗ ಏನಾಗಬಹುದೆಂಬುದನ್ನು 2024ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯ ಸಫಾರಿ ಉದ್ಯಾನದ ಪ್ರಕರಣ ತೋರಿಸಿತು. ತ್ರಿಪುರಾದಿಂದ ಬಂದ ಎರಡು ಸಿಂಹಗಳಿಗೆ ಅಕ್ಬರ್, ಸೀತಾ ಎಂಬ ಹೆಸರುಗಳಿದ್ದುದು ಕಲ್ಕತ್ತಾ ಉಚ್ಚ ನ್ಯಾಯಾಲಯದವರೆಗೆ ಹೋಗಿ, ಪೂಜ್ಯರ ಮತ್ತು ಗಣ್ಯರ ಹೆಸರುಗಳನ್ನು ಪ್ರಾಣಿಗಳಿಗೆ ಇಡುವುದನ್ನೇ ನ್ಯಾಯಾಲಯ ಪ್ರಶ್ನಿಸಿ, ಹೆಸರು ಬದಲಿಸಲು ಸೂಚಿಸಿತು. ಭಾರತದಲ್ಲಿ ಮನುಷ್ಯನ ಹೆಸರು ಜಾತಿ, ಮತ, ಮನೆತನಗಳ ಭಾರವನ್ನು ಹೊತ್ತೇ ಬರುತ್ತದೆ. ಅನೇಕ ಮನೆಗಳಲ್ಲಿ ತಾತನ ಹೆಸರಿಟ್ಟ ಮೊಮ್ಮಗನನ್ನೂ ಆ ಹೆಸರಿನಿಂದ ಕೂಗದೆ ‘ಅಪ್ಪಯ್ಯ’ ಎಂದೋ ‘ಅಜ್ಜ’ ಎಂದೋ ಕರೆಯುವಷ್ಟು ಅದಕ್ಕೆ ತೂಕವಿದೆ. ಮರಿಗೆ ದಾನಿಯ ಹೆಸರಿಡುವ, ಬೇರೆಡೆ ಸಲೀಸಾಗಿ ನಡೆಯಬಹುದಾದ ಗೌರವ ಇಲ್ಲಿ ಅದೇ ಅರ್ಥದಲ್ಲಿ ನಡೆಯಲಾರದು. ರುವಾಂಡದ ಜನ 2005ರಿಂದ ನಡೆಸಿಕೊಂಡು ಬಂದಿರುವ ‘ಕ್ವಿಟಾ ಇಜಿನಾ’ ಎಂಬ ಗೊರಿಲ್ಲಾ ಮರಿಗಳ ನಾಮಕರಣೋತ್ಸವ ಇದಕ್ಕಿಂತ ಹತ್ತಿರದ ಮಾದರಿ: ಅಲ್ಲಿ ಸಂರಕ್ಷಣೆಗೆ ದುಡಿದ ಅತಿಥಿಗಳನ್ನು ಕರೆದು ಹೆಸರಿಡುವ ಗೌರವ ಕೊಡುತ್ತಾರೆ, ಹೆಸರು ಮಾತ್ರ ಸಾಮಾನ್ಯವಾಗಿ ಆ ನಾಡಿನ ಭಾಷೆಯದು.

ಕರಡಿಯ ಹೆಸರಿನ ಈ ಚರ್ಚೆ, ಕಂಪನಿಗಳ ಕಚೇರಿಗಳಿರುವ ಪುಣೆಯ ವಿಮಾನ ನಗರದಂಥ ಬಡಾವಣೆಗೆ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, 500 ಕೋಟಿ ರೂಪಾಯಿಯ ನಿವ್ವಳ ಆಸ್ತಿ, 1000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಸಂಸ್ಥೆಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ವ್ಯಯಿಸಬೇಕು. ಸಸ್ಯ ಮತ್ತು ಪ್ರಾಣಿಸಂಪತ್ತಿನ ರಕ್ಷಣೆ ಆ ಪಟ್ಟಿಯಲ್ಲಿ ಸೇರಿದೆ. ವನ್ಯಜೀವಿ ಸಂಶೋಧನೆಗೆ ಹಣ ಇಂದು ಅರಸರಿಂದ ಬರುವುದಿಲ್ಲ. ಕನ್ನಡಿಗರೂ ಮರಾಠಿಗರೂ ಒಂದೇ ಲಿಫ್ಟಿನಲ್ಲಿ ಏರಿಳಿಯುವ ಇಂಥ ಬಡಾವಣೆಗಳ ಕಚೇರಿಗಳಿಂದ ಬರಬೇಕು. ಹಣ ಬಂದಲ್ಲಿ ಹೆಸರಿನ ಬೇಡಿಕೆಯೂ ಬರುತ್ತದೆ. ಪುಣೆಯ ಆಸುಪಾಸಿನವರಿಗೆ ಕಾಡುಪ್ರಾಣಿ ದೂರದ ಕಥೆಯೂ ಅಲ್ಲ: 2025ರ ಏಪ್ರಿಲಿನಲ್ಲಿ, ಬಡಾವಣೆಗೆ ಹೆಸರು ತಂದುಕೊಟ್ಟ ಲೋಹಗಾಂವ್ ವಿಮಾನ ನಿಲ್ದಾಣದ ಆವರಣದಲ್ಲೇ ಚಿರತೆ ಕಾಣಿಸಿಕೊಂಡಿತ್ತು.

ಇದೇ ಸೀಮೆಯ ಸಂಶೋಧನೆಯಲ್ಲಿ ಹೆಸರಿಡುವುದಕ್ಕೆ ಒಂದು ಒಳ್ಳೆಯ ಮೇಲ್ಪಂಕ್ತಿಯೂ ಸಿಗುತ್ತದೆ. 2009ರಲ್ಲಿ ಆಗಿನ ಅಹ್ಮದ್‌ನಗರ ಜಿಲ್ಲೆಯ ಬಾವಿಯೊಂದಕ್ಕೆ ಬಿದ್ದ ಗಂಡು ಚಿರತೆಯನ್ನು ಮೇಲೆತ್ತಿ, ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಉಪಗ್ರಹದ ಮೂಲಕ ನೆಲೆ ತಿಳಿಸುವ ಪಟ್ಟಿಯನ್ನು ಅದರ ಕೊರಳಿಗೆ ಕಟ್ಟಿ ಮಾಳ್ಶೇಜ್ ಘಾಟಿನ ಬಳಿ ಬಿಟ್ಟರು. ಶಾಂತವಾಗಿ, ವಯಸ್ಸಾದವರ ಗಾಂಭೀರ್ಯದಿಂದ ಇದ್ದ ಅದಕ್ಕೆ ಅವರಿಟ್ಟ ಹೆಸರು ‘ಆಜೋಬಾ’, ಮರಾಠಿಯಲ್ಲಿ ಅಜ್ಜ. ಹೆದ್ದಾರಿ, ರೈಲುಹಳಿ, ಊರುಗಳನ್ನು ದಾಟಿ ಸುಮಾರು 120 ಕಿಲೋಮೀಟರ್ ನಡೆದು ಅದು ಮುಂಬೈ ಅಂಚಿನ ಕಾಡನ್ನು ಸೇರಿತು. ಒಬ್ಬ ಮನುಷ್ಯನಿಗೂ ಹಾನಿ ಮಾಡದ ಆ ನಡಿಗೆಯಿಂದ, ಹಿಡಿದ ಚಿರತೆಯನ್ನು ಬೇರೆಡೆ ಬಿಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲವೆಂಬುದು ಜನರಿಗೂ ಮನವರಿಕೆಯಾಯಿತು. 2011ರಲ್ಲಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಅದು ಸತ್ತಿತು. 2014ರಲ್ಲಿ ಅದರ ಹೆಸರಿನಲ್ಲೇ ಮರಾಠಿ ಚಲನಚಿತ್ರ ಬಂತು. ಆ ಹೆಸರು ಪ್ರಾಣಿಯ ಮುಖವನ್ನು ನೋಡಿ ಹುಟ್ಟಿದ್ದು. ಅದಕ್ಕಾಗಿಯೇ ಜನರ ನಾಲಿಗೆಯ ಮೇಲೆ ನಿಂತಿತು.

ಕರಡಿಯ ಅಧ್ಯಯನಕ್ಕೆ ನೆರವಾದವರು ಯಾರು ಎಂಬ ಪ್ರಶ್ನೆಯನ್ನು ಹಣದ ರಸೀದಿಯಿಂದಾಚೆಗೂ ಕೇಳಬೇಕು. ಬಿತ್ತಿದ ಮೆಕ್ಕೆಜೋಳದಲ್ಲೋ ಶೇಂಗಾದಲ್ಲೋ ಒಂದು ಪಾಲನ್ನು ಕರಡಿಗೆ ಕಳೆದುಕೊಂಡೂ ಉರುಳು ಹಾಕದ ರೈತ, ಕತ್ತಲಾಗುವ ಮೊದಲು ಗವಿಯ ಬಾಯಿಯ ಹೆಜ್ಜೆಗಳನ್ನು ಎಣಿಸಿಬರುವ ಕಾವಲುಗಾರ, ಕರಡಿ ಕುಣಿಸುವ ಕಸುಬನ್ನು ಬಿಟ್ಟ ಕಲಂದರ ಮನೆತನದವರು, ಇವರ ನೆರವಿಗೆ ರಸೀದಿಯಿಲ್ಲ. ಮೂಗು ಚುಚ್ಚಿ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ, ಕಲಂದರರಿಗೆ ಬೇರೆ ಜೀವನೋಪಾಯ ಒದಗಿಸುವ ಕೆಲಸವನ್ನು 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಓಎಸ್ ಕೈಗೊಂಡಿತು. ಕೊನೆಯ ಕುಣಿಯುವ ಕರಡಿಯೆಂದು ದಾಖಲಾದ ‘ರಾಜು’ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರವನ್ನು ಸೇರಿತು. ಸೆರೆಯಲ್ಲಿದ್ದ ಆ ಕರಡಿಗೆ ಮನುಷ್ಯರಿಟ್ಟ ಹೆಸರು ಮನುಷ್ಯರ ಋಣವನ್ನು ನೆನಪಿಸುವುದಕ್ಕಾದರೂ ಉಳಿಯಬೇಕು. ಮೂಗಿನ ಗಾಯದಂತೆ ಅದೂ ಅದರ ಚರಿತ್ರೆಯ ಭಾಗ.

ಬಂಡೆಗಳ ನಡುವೆ ಹುಟ್ಟಿದ ಮರಿಗೆ ಅಂಥ ಚರಿತ್ರೆ ಬೇಕಿಲ್ಲ. ದಾನಿಗಳ ಹೆಸರು ಅವರು ಕೊಡಿಸಿದ ಕ್ಯಾಮೆರಾದ ಮೇಲೆ, ಡಿಎನ್‌ಎ ಪರೀಕ್ಷೆಯ ವರದಿಯ ಮೊದಲ ಪುಟದಲ್ಲಿ, ಬೆಳೆನಷ್ಟಕ್ಕೆ ಪರಿಹಾರ ಕೊಡುವ ನಿಧಿಯ ಶಿರೋನಾಮೆಯಲ್ಲಿ ದಪ್ಪಕ್ಷರದಲ್ಲೇ ಬರಲಿ. ಕ್ಷೇತ್ರದ ದಾಖಲೆ ಪುಸ್ತಕದಲ್ಲಿ ತಾಯಿಯ ಎದೆಯ ಗುರುತಿನ ರೇಖಾಚಿತ್ರ, ಗವಿ ಇರುವ ಬಂಡೆಗೆ ಊರವರು ಕರೆಯುವ ಹೆಸರು, ಮರಿಯನ್ನು ಬೆನ್ನ ಮೇಲೆ ಮೊದಲು ಕಂಡ ದಿನ, ಕಂಡ ಕಾವಲುಗಾರನ ಹೆಸರು ಇಷ್ಟೂ ತುಂಬಿದ ಮೇಲೆ ಮರಿಯ ಹೆಸರಿನ ಕಾಲಂ ಕೆಲಕಾಲ ಖಾಲಿ ಉಳಿಯುವುದರಿಂದ ಅಧ್ಯಯನಕ್ಕೆ ಕೊರತೆಯಾಗದು. ಎರಡು, ಎರಡೂವರೆ ವರ್ಷಗಳ ಬಳಿಕ ಅದು ತಾಯಿಯನ್ನು ಬಿಟ್ಟು, ತನ್ನದೇ ಬಂಡೆಯನ್ನು ಹುಡುಕಿಕೊಂಡು, ಯಾವುದೋ ಹುತ್ತದ ಎದುರು ಎದ್ದು ನಿಂತು ಕ್ಯಾಮೆರಾಕ್ಕೆ ಎದೆಯ ಗುರುತನ್ನು ತೋರಿಸಿದ ದಿನ ಆ ಕಾಲಂ ತುಂಬಿದರೆ ಸಾಕು.